ದಡಿ ನೋಡಿ ಹಿಡಿದ ಮನೆ

ಬನಹಟ್ಟಿಯ ಚನಮಲ್ಲಪ್ಪ ಯಾವ ಸೀರೆಗೂ ಮೊದಲು ದರ ಕೇಳಿದವನಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಸೆರಗು ಹಿಡಿದು ಒಂದೆರಡು ಸಲ ಉಜ್ಜುತ್ತಾನೆ. ಆಮೇಲೆ ಅಂಚಿನ ದಡಿಯನ್ನು ಬೆಳಕಿಗೆ ಹಿಡಿಯುತ್ತಾನೆ. ಆಮೇಲೆ ಏನೂ ಮಾತಾಡದೆ ಎದುರಿನವನ ಮುಖ ನೋಡುತ್ತಾನೆ. ಅಷ್ಟರಲ್ಲಿ ಎದುರಿನವನೇ ದಿಗಿಲುಬಿದ್ದು ದರ ಇಳಿಸಿರುತ್ತಾನೆ. ಅವನನ್ನು ಕಂಡರಾಗದವರೂ ಪೇಟೆಯಲ್ಲಿ ಒಂದು ಮಾತು ಒಪ್ಪುತ್ತಾರೆ: ಚನಮಲ್ಲಪ್ಪ ಹೆಣದ ಮೇಲಿನ ಬಟ್ಟೆ ಕಂಡರೂ ಮೊದಲು ಎಷ್ಟನೇ ನಂಬರಿನ ನೂಲು ಅಂತ ಹೇಳಿ, ಆಮೇಲೆ ಅಳಲು ಕೂರುತ್ತಾನೆ.

ಅವನ ಮಾಲಿಗೂ ಒಂದು ಗುರುತಿತ್ತು. ಹುಣಸೆ ಹೂವಿನ ದಡಿ, ಅದರ ಒಳಮಗ್ಗುಲಿಗೆ ಜೋಡಿ ಹಳದಿ ಗೆರೆ. ಅಪ್ಪನ ಕಾಲದಿಂದ ಬಂದ ಅಂಚು. ಗಂಟು ಕಟ್ಟಿ ಸಾಂಗ್ಲಿ, ಸೊಲ್ಲಾಪುರ, ಪುಣೆಗೆ ಕಳಿಸುವ ಮಾಲು. ದುಬಾರಿಯದಲ್ಲ. ಉಟ್ಟು ದುಡಿಯುವವರ ಸೀರೆ ಅದು, ಉಟ್ಟು ಕೂರುವವರದಲ್ಲ. ಮೂರನೇ ಮಹಡಿಯ ಮೇಲೆ ಒಣಹಾಕಿದ್ದರೂ ಕೆಳಗೆ ನಿಂತು, ‘ಅದು ನಂದು’ ಎನ್ನಬಲ್ಲವನಾಗಿದ್ದ. ಕೊನೆಗೆ ಅದೇ ಅವನಿಗೆ ಮುಳುವಾಯಿತು.

ಬನಹಟ್ಟಿಯಲ್ಲಿ ದುಡ್ಡು ಬಿಚ್ಚಿದರೆ ಸಿಗದ ಜಿನಸಿಲ್ಲ. ಚನಮಲ್ಲಪ್ಪನಿಗೆ ಸಿಗದೆ ಹೋದದ್ದು ಒಂದೇ, ಮಗ ಈಶ್ವರನಿಗೆ ಹೆಣ್ಣು. ಹುಡುಗನಿಗೆ ಮೂವತ್ತನಾಲ್ಕು. ಕುಡಿಯುವುದಿಲ್ಲ, ಜೂಜಿಲ್ಲ, ಮನೆಯಲ್ಲಿ ಹನ್ನೆರಡು ಪವರ್‌ಲೂಮು. ಇಪ್ಪತ್ತು ವರ್ಷದ ಹಿಂದಾಗಿದ್ದರೆ ಹೆಣ್ಣಿನವರು ಬಾಗಿಲಿಗೆ ಸಾಲು ಹಚ್ಚುತ್ತಿದ್ದರು. ಈಗ ಬೀಳಗಿಯ ಒಬ್ಬ ಹುಡುಗಿ ಫೋನಿನಲ್ಲೇ, “ರಾತ್ರಿ ಮಗ್ಗ ಬಂದ್ ಇರ್ತಾವೇನ್ರಿ?” ಎಂದು ಕೇಳಿ, ಇರುವುದಿಲ್ಲ ಎಂದು ತಿಳಿದು, ಒಳ್ಳೆಯದಾಗಲಿ ಅಂತ ಹರಸಿ ಫೋನಿಟ್ಟಳು. ಜಮಖಂಡಿಯವರು ಮನೆಗೇ ಬಂದರು. ಉಪ್ಪಿಟ್ಟು ತಿಂದರು, ಎರಡನೇ ಸಲ ಹಾಕಿಸಿಕೊಂಡರು, “ಊರಿಗೆ ಹೋಗಿ ಫೋನ್ ಮಾಡತೇವ್ರಿ” ಎಂದು ಹೋದರು. ಈ ಸೀಮೆಯಲ್ಲಿ ಆ ಮಾತಿನ ಅರ್ಥ ಕೂಸಿಗೂ ಗೊತ್ತು. ಆ ಫೋನು ಇನ್ನೂ ಬರಬೇಕು.

ಹೀಗಿರುವಾಗ ಈಶ್ವರ ತಾನೇ ಒಂದು ಹೆಣ್ಣನ್ನು ನೋಡಿಕೊಂಡ. ಹುಡುಗಿ ಮುಧೋಳದವಳು, ಹೆಸರು ಪ್ರೀತಿ. ಬನಹಟ್ಟಿಯ ಒಂದು ಸಹಕಾರಿ ಸಂಘದ ಶಾಖೆಯಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ವಾರಕ್ಕೊಮ್ಮೆ ಚೆಕ್ಕು ಕಟ್ಟಲು ಹೋಗುತ್ತಿದ್ದ ಈಶ್ವರ ದಿನಾ ಹೋಗತೊಡಗಿದಾಗಲೇ ಚನಮಲ್ಲಪ್ಪನಿಗೆ ವಾಸನೆ ಬಡಿದಿತ್ತು. ಅಷ್ಟು ಚೆಕ್ಕು ತನ್ನ ವ್ಯವಹಾರದಲ್ಲಿ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳದೆಂಬ ಧೈರ್ಯದಿಂದ ಮಗ ಹಾಡು ಗುನುಗುತ್ತಿದ್ದ. ತುಟಿ ಆಡುವುದು ಕಾಣುತ್ತಿತ್ತಲ್ಲ. ಹೆಂಡತಿ ಗಂಗಾಂಬಿಕಾ, “ಏನ್ರೀ, ಹುಡುಗ ಒಬ್ಬನ ನಗಾಕತ್ತಾನ” ಎಂದು ಮೊದಲು ಹೆದರಿ, ಆಮೇಲೆ ಸಂಗತಿ ತಿಳಿದು ಮನೆದೇವರಿಗೆ ಎಣ್ಣೆ ಮುಟ್ಟಿಸಿ ಬಂದಳು.

ಒಂದೇ ಜಾತಿ, ಒಂದೇ ಮಠ, ಎಲ್ಲ ಸರಿಬಂತು. ಹುಡುಗಿಯ ಅಪ್ಪ ಸಿದ್ದಾರೂಢನದು ಮುಧೋಳದಲ್ಲಿ ಗೊಬ್ಬರದ ಅಂಗಡಿ. ಆ ಮನೆಯ ವ್ಯವಹಾರ ಅವನದು, ತೀರ್ಮಾನ ಹೆಂಡತಿ ಹಾಲವ್ವನದು. ನಡುವೆ ನಿಂತ ರಾಮಲಿಂಗಪ್ಪ ಹೋಗಿ ಬಂದು ಹೇಳಿದ:

“ಹುಡುಗಿ ಹೂಂ ಅಂದಾಳ. ಅಪ್ಪ ಹೂಂ ಅಂದಾನ. ಅವ್ವ ಮಾತ್ರ, ಪುಣೇದಾಗ ಸ್ವಂತ ಮನಿ ಆಗಲಿ, ಮನಿ ನೋಡಿ ಮುಂದಿನ ಮಾತು ಅಂತಾಳ. ಬನಹಟ್ಟ್ಯಾಗ ಮಗಳ ಬಾಳೂದು ಬ್ಯಾಡಂತ.”

“ಬನಹಟ್ಟಿಗೆ ಏನ್ ರೋಗ ಬಂದೈತೋ?”

“ರೋಗಲ್ಲೋ ಮಾರಾಯಾ. ಅಕಿ ಇಲ್ಲೇ ರಬಕವಿಯಾಕಿ. ತವರಮನಿ ನೇಕಾರರದ್ದು.”

ಇದನ್ನು ಕೇಳಿ ಚನಮಲ್ಲಪ್ಪನಿಗೆ ಸಮಾಧಾನವೇ ಆಯಿತು. ರಬಕವಿ ಎಂದರೆ ಬನಹಟ್ಟಿಗೆ ಅಂಟಿಕೊಂಡ ಊರು. ನೇಕಾರರ ಮನೆಯ ಹೆಣ್ಣಾದರೆ ತನ್ನ ಮಾಲಿನ ಬೆಲೆ ಬಲ್ಲಳು ಎಂದುಕೊಂಡ. ಮಾಲು ಬಲ್ಲ ಗಿರಾಕಿ ಸುಲಭದ ಗಿರಾಕಿಯಲ್ಲ ಎಂದು ಅಂಗಡಿಯಲ್ಲಿ ದಿನಾ ಹೇಳುವವನಿಗೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ.

ಮನೆ ನೋಡಲು ಬಂದರೆ ಹಾಲವ್ವನ ಕಡೆಯವರದು ಒಂದು ಕಟ್ಟುನಿಟ್ಟು ಪದ್ಧತಿ. ಮನೆ ಮನಸ್ಸಿಗೆ ಬಂದರೆ ಅಲ್ಲೇ ಕೂತು ಸಿಹಿ ಚಹಾ ಕುಡಿಯಬೇಕು. ಬರದಿದ್ದರೆ ನೀರಿಗಿಂತ ಹೆಚ್ಚಿನದನ್ನು ಮುಟ್ಟುವಂತಿಲ್ಲ. ಬಾಯಿಬಿಟ್ಟು ಒಲ್ಲೆವೆನ್ನುವ ಕಷ್ಟ ಯಾರಿಗೂ ಬೇಡವೆಂದು ಹಿರಿಯರು ಮಾಡಿದ ಅನುಕೂಲ.

ಪುಣೆ ಚನಮಲ್ಲಪ್ಪನಿಗೆ ಹೊಸ ಊರಲ್ಲ. ಅಲ್ಲಿನ ಸಗಟು ಅಂಗಡಿಗಳ ಗಾದಿಯ ಮೇಲೆ ಕಾಲು ಮಡಚಿ ಕೂತು ಅವನ ಮೊಣಕಾಲು ಸವೆದಿವೆ. ಆದರೆ ಮಾಲು ಇಳಿಸುವ ಊರು ಬೇರೆ, ಮನೆ ಕೊಳ್ಳುವ ಊರು ಬೇರೆ. ಗಾದಿಯ ಶೇಟಜಿ ಸಂಗತಿ ಕೇಳಿ, ಚಹಾ ತರಿಸಿ, ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ಮನೆ ಬೇಡ ಚನಮಲ್ಲಪ್ಪಾ, ಇನ್ನೊಂದು ಹೆಣ್ಣು ಹುಡುಕು. ಅದು ಸೋವಿ ಬೀಳುತ್ತದೆ.”

ಹುನ್ನೂರಿನ ಶೀತಲ್ ಎಂಬ ಜೈನರ ಹುಡುಗ ಅಲ್ಲಿ ಫ್ಲ್ಯಾಟುಗಳ ದಲಾಲಿ ಮಾಡುತ್ತಿದ್ದ. ಹುಡುಗ ಎಂದರೆ ಹೆಸರಿಗೆ, ತಲೆ ಬೋಳಾಗಿತ್ತು. ಅವನ ಸ್ಕೂಟರಿನ ಹಿಂದೆ ಧೋತರ ಮುದುಡಿಕೊಂಡು ಕೂತು ಚನಮಲ್ಲಪ್ಪನ ತಿರುಗಾಟ ಶುರುವಾಯಿತು.

“ಕಾಕಾ, ಮೊದಲ ಬಜೆಟ್ ಹೇಳ್ರಿ. ಅದಕ್ಕ ತಕ್ಕ ತೋರಸ್ತೇನಿ.”

“ಮೊದಲ ನೀ ತೋರ್ಸು. ಬಜೆಟ್ ಹೇಳಿದ್ರ ಮನೀನ ಹಿಗ್ಗಿ ಅದರಷ್ಟ ಆಗತೈತಿ.”

“ಒಂದ ಬಿಎಚ್‌ಕೆ ಸಾಕಲ್ರಿ? ಒಂದು ಬೆಡ್‌ರೂಮು, ಹಾಲ್...”

“ಹಾಲು ಗಲ್ಲಿಗಲ್ಲ್ಯಾಗ ಸಿಗತೈತಿ. ಮನಿ ವಿಷಯ ಮಾತಾಡು.”

ಶೀತಲ್ ನಕ್ಕ. ಚನಮಲ್ಲಪ್ಪನಿಗೆ ಹಾಲ್ ಎಂದರೇನೆಂದು ಗೊತ್ತಿರಲಿಲ್ಲವೆಂದಲ್ಲ. ದಲಾಲನನ್ನು ನಗಿಸಿದರೆ ಅವನು ಅರ್ಧ ಗುಟ್ಟು ಬಿಟ್ಟುಕೊಡುತ್ತಾನೆಂಬುದು ಅವನ ಲೆಕ್ಕ. ಹಾಗೆ ಮೊದಲ ದಿನವೇ ಹೊರಬಿದ್ದದ್ದು ಅಳತೆಯ ಗುಟ್ಟು. ಕಾಗದದ ಮೇಲೆ ಆರುನೂರು ಫೂಟು ಎಂದಿದ್ದರೆ ಒಳಗೆ ಅಷ್ಟಿರುವುದಿಲ್ಲ. ಪಾವಟಿಗೆ, ಲಿಫ್ಟು, ಗೇಟಿನ ಹತ್ತಿರದ ಅಶೋಕ ಗಿಡದ ನೆರಳು, ಎಲ್ಲ ಸೇರಿ ಆರುನೂರು.

“ಅಂದ್ರ ಸೀರಿ ಅಳಿಯೂ ಮುಂದ ಅಂಗಡಿ ಬಾಗಲಾನೂ ಕೂಡಿಸಿ ಅಳದಂಗ ಆತು” ಎಂದ ಚನಮಲ್ಲಪ್ಪ. “ನಾವು ಐದೂವರಿ ಮೀಟರಂತ ಹೇಳಿ ಐದೂಕಾಲ ಕೊಟ್ರ ಕಳ್ಳರಂತಾರ. ಇವರಿಗೆ ಬಿಲ್ಡರ್ ಅಂತಾರೇನ?”

“ಹೂಂ ರೀ ಕಾಕಾ. ಮ್ಯಾಲ ಸತ್ಕಾರನೂ ಮಾಡತಾರ.”

ಪುಣೆಯ ಯಾವ ಭಾಗದ ದರ ತನ್ನ ಕೈಗೆ ಎಟುಕುತ್ತದೆ ಎಂದು ತಿಳಿಯುವುದು ಹೇಗೆ? ಬಾಯಿಬಿಟ್ಟು ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ. ಚನಮಲ್ಲಪ್ಪ ಕತ್ತು ಮೇಲೆತ್ತಿದ. ಬಾಲ್ಕನಿಗಳನ್ನು ನೋಡತೊಡಗಿದ. ಮನುಷ್ಯ ಅಂಗಡಿಯಲ್ಲಿ ಸುಳ್ಳು ಹೇಳಿಯಾನು, ಬ್ಯಾಂಕಿನಲ್ಲಿ ಹೇಳಿಯಾನು. ಒಣಹಾಕಿದ ಬಟ್ಟೆ ಸುಳ್ಳು ಹೇಳುವುದಿಲ್ಲ.

ಕೋಥರೂಡದಲ್ಲಿ ಬಾಲ್ಕನಿಗಳ ತುಂಬ ಹೂಕುಂಡಗಳಿದ್ದವು. ಬಟ್ಟೆಯ ಚೂರೂ ಕಾಣಲಿಲ್ಲ.

“ಇಲ್ಲಿ ಮಂದಿ ಬಟ್ಟಿ ಒಗ್ಯಾಣಿಲ್ಲೇನೋ ತಮ್ಮಾ?”

“ಒಳಗ ಮಷಿನ್ನ್ಯಾಗ ಒಣಗತಾವ್ರಿ.”

“ನಡಿ ಮುಂದ. ಬಟ್ಟಿ ಮುಚ್ಚಿಡೂ ಮಂದೀದು ದರ ಕೇಳಿದ್ರ ಎದಿ ಒಡೀತೈತಿ.”

ಹಡಪಸರದ ಕಡೆ ಆಕಾಶಕ್ಕೆ ಮುಟ್ಟುವ ಕಟ್ಟಡಗಳು. ಅಲ್ಲಿ ಬರೀ ಜೀನ್ಸ್ ಪ್ಯಾಂಟು, ಟಿ ಶರ್ಟು. ಗಂಡಸಿನದಾವುದು ಹೆಂಗಸಿನದಾವುದು ಎಂದು ಚನಮಲ್ಲಪ್ಪನ ಕಣ್ಣಿಗೂ ಗುರುತು ಹತ್ತಲಿಲ್ಲ. “ಇದು ಗಂಡ ಹೆಂಡತಿ ಇಬ್ಬರೂ ಕಂತು ಕಟ್ಟೂ ಓಣಿ” ಎಂದು ಮುಂದೆ ಹೊಡೆಸಿದ. ಇನ್ನೊಂದು ಕಡೆ ಚೂಡಿದಾರಗಳು, ಜೊತೆಗೆ ಮಿಂಚಿನ ಸಿಂಥೆಟಿಕ್ ಸೀರೆ. ಅವನು ಸ್ಕೂಟರಿನಿಂದ ಇಳಿದು ಸ್ವಲ್ಪ ಯೋಚಿಸಿದ. ಸೂರತ್ತಿನ ಮಾಲು ಬಂದು ತನ್ನ ಮಾಲನ್ನು ಹೊಡೆದುಹಾಕಿದ ಓಣಿಯಲ್ಲಿ ಮಗ ಸೊಸೆಯನ್ನು ಇಡುವುದು ಅವನ ಮನಸ್ಸಿಗೆ ಬರಲಿಲ್ಲ.

ನಾಲ್ಕು ಸಲ ಬನಹಟ್ಟಿಯಿಂದ ಪುಣೆಗೆ ಬಸ್ಸು ಹತ್ತಿದ್ದಾಯಿತು. ಶೀತಲ್‌ನ ಉತ್ಸಾಹ ಇಳಿದು, ಕಾಕಾನಿಂದ ಪೆಟ್ರೋಲಿಗೆ ಕೇಳುವ ಮಟ್ಟಕ್ಕೆ ಬಂದಿತ್ತು. ಕೊನೆಗೊಂದು ದಿನ, ಪುಣೆಯ ಅಂಚಿನ ಧಾಯರಿಯನ್ನೂ ದಾಟಿ, ಡಾಂಬರು ಮುಗಿದು ಮುರುಮಿನ ರಸ್ತೆ ಶುರುವಾಗುವಲ್ಲಿ ನಾಲ್ಕು ಮಹಡಿಯ ಕಟ್ಟಡಗಳ ಒಂದು ಗುಂಪು. ಚನಮಲ್ಲಪ್ಪ ಅಭ್ಯಾಸದಂತೆ ಕತ್ತು ಎತ್ತಿದವನು, “ನಿಲ್ಲಸ, ನಿಲ್ಲಸ ಲೇ!” ಎಂದು ಶೀತಲ್‌ನ ಭುಜ ಜಗ್ಗಿದ. ಇಬ್ಬರೂ ಬೀಳುವುದರಲ್ಲಿದ್ದರು.

ಮೇಲೆ ಹುಣಸೆ ಹೂವಿನ ದಡಿ, ಜೋಡಿ ಹಳದಿ ಗೆರೆ. ಒಂದಲ್ಲ. ಎದುರು ಕಟ್ಟಡದಲ್ಲೊಂದು, ಅದರ ಮಗ್ಗುಲಿಗೊಂದು, ಹಿಂದಿನ ಚಾಳಿನ ತಗಡಿನ ಮೇಲೆ ಮತ್ತೊಂದು. ಅಪ್ಪನ ಕಾಲದ ದಡಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಪರಊರಿನ ಸಂತೆಯಲ್ಲಿ ತನ್ನೂರಿನವರು ಕೈಬೀಸಿ ಕರೆದ ಹಾಗಾಯಿತು ಅವನಿಗೆ.

“ತಮ್ಮಾ, ನಮ್ಮ ಸೀರಿ ಎಲ್ಲಿ ಒಣಗತೈತಿ, ಅಲ್ಲಿ ನಮ್ಮ ಸಂಸಾರನೂ ನಡೀತೈತಿ. ಇಲ್ಲೇ ಆತು.”

ನಲ್ಲಿಯ ಹತ್ತಿರ ಒಬ್ಬ ಹೆಂಗಸು ಅದೇ ಸೀರೆ ಉಟ್ಟು ಕೊಡ ತುಂಬುತ್ತಿದ್ದಳು. ಚನಮಲ್ಲಪ್ಪ ಮರಾಠಿಯಲ್ಲಿ, ಸೀರೆ ಎಲ್ಲಿಯದು ತಾಯಿ, ಬಾಳಿಕೆ ಹೇಗಿದೆ ಎಂದು ಕೇಳಿದ. ವಾರದ ಸಂತೆಯದು, ಬಣ್ಣ ಬಿಡುವುದಿಲ್ಲ, ಎಳೆ ಜಗ್ಗುವುದಿಲ್ಲ, ದಿನಾ ನಾಲ್ಕು ಮನೆಯ ಮುಸುರೆ ತಿಕ್ಕಿದರೂ ತಾಳುತ್ತದೆ ಎಂದಳು. ಕೊನೆಯ ಮಾತು ಅವನ ಕಿವಿಯವರೆಗೆ ಬಂತು, ಒಳಗೆ ಹೋಗಲಿಲ್ಲ. ಮಾಲು ಹೊಗಳಿಸಿಕೊಂಡ ವ್ಯಾಪಾರಿ ಅದರ ಮುಂದಿನ ಮಾತು ಎಂದು ಕೇಳಿದ್ದಾನೆ?

ಮೂರನೇ ಮಹಡಿಯ ಒಂದು ಮನೆ ಮಾರಾಟಕ್ಕಿತ್ತು. ಚನಮಲ್ಲಪ್ಪ ಗೋಡೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ, ಸುಣ್ಣ ಬಂತು. ದರ ಇಳಿಸಿದ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬರುತ್ತದೆಂದು ತಿಳಿಯಿತು, ಮತ್ತೆ ಇಳಿಸಿದ. ಮಾರುವವನು ಕೊನೆಗೆ ಶೀತಲ್‌ನ ಕಡೆ ತಿರುಗಿ, ಈ ಮುದುಕನನ್ನು ಎಲ್ಲಿಂದ ತಂದೆ ಎಂದು ಕೇಳಿದನಂತೆ. ಅಂತೂ ಮಾತು ಮುಗಿಯಿತು.

ಎಷ್ಟು ಇಳಿಸಿದರೂ ಪುಣೆ ಪುಣೆಯೇ. ಹನ್ನೆರಡು ಮಗ್ಗದಲ್ಲಿ ಎಂಟು ಮಾರಬೇಕಾಯಿತು. ಇಚಲಕರಂಜಿಯ ಒಬ್ಬ ಕೊಳ್ಳಲು ಬಂದ. ಹಳೆ ಮಗ್ಗ ಅವನಿಗೆ ಅಷ್ಟು ಬೇಕಿರಲಿಲ್ಲ. ಮಗ್ಗದ ತಲೆಯ ಮೇಲೆ ಕೂತು ದಡಿಯ ಹೂ ಎತ್ತುವ ಜಕಾರ್ಡು, ಅದರ ತೂತಿನ ಪಟ್ಟಿಗಳ ಸಮೇತ ಕೊಟ್ಟರೆ ಮಾತ್ರ ವ್ಯಾಪಾರ ಎಂದ.

ಈಶ್ವರ ಅಪ್ಪನನ್ನು ಒಳಗೆ ಕರೆದ. “ಅಪ್ಪಾ, ಪಟ್ಟಿ ಕೊಟ್ರ ದಡೀನೂ ಹೋಗತೈತಿ. ಉಳದ ನಾಕ ಮಗ್ಗದಾಗ ಸಾದಾ ಅಂಚಷ್ಟ ನೇಯಬೇಕು.”

“ದಡಿ ಹ್ವಾದ್ರ ಹೋಗ್ಲಿ, ಸೊಸಿ ಬರ್ತಾಳಲ್ಲೋ” ಎಂದ ಚನಮಲ್ಲಪ್ಪ. “ನೀ ಪುಣೇದಾಗ ಅಂಗಡಿ ಹಾಕಂತಿ, ನಾ ಇಲ್ಲಿಂದ ಮಾಲ ಕಳಸ್ತೇನಿ. ನಿಮ್ಮವ್ವ ಮೊಮ್ಮಕ್ಕಳ ನೋಡಾಕ ಬಸ್ಸ ಹತ್ತತಾಳ.”

ಮಗ್ಗಗಳನ್ನು ಬಿಚ್ಚಿ ಲಾರಿಗೆ ಹೇರುವಾಗ ಹಳೆ ನೇಕಾರ ಜಕ್ಕಪ್ಪ ಬಾಗಿಲ ಹತ್ತಿರ ನಿಂತು ಬೀಡಿ ಹಚ್ಚಿದ. ಮಗ್ಗ ಓಡುತ್ತಿರುವಷ್ಟು ಕಾಲ ಒಳಗೆ ಬೀಡಿ ಸೇದುವಂತಿರಲಿಲ್ಲ. ಈಗ ಯಾರೂ ಬೇಡ ಅನ್ನಲಿಲ್ಲ.

“ಸಾವ್ಕಾರ್ರ, ಮಗ್ಗಾ ಅಂತೂ ಮಾರಿದ್ರಿ. ನಮ್ಮನ್ನ ಯಾರಿಗೆ ಮಾರತೀರಿ?”

“ನಿನ್ನ ಯಾವನ ತೊಗೋತಾನಲೇ? ಅರ್ಧ ದಿನ ಬೀಡಿ, ಅರ್ಧ ದಿನ ಚಹಾ.”

ಇಬ್ಬರೂ ನಕ್ಕರು. ಜಕ್ಕಪ್ಪನದು ಬೇಗ ನಿಂತಿತು.

ಮನೆ ನೋಡುವ ದಿನ ಗೊತ್ತಾಯಿತು. ಹಿಂದಿನ ದಿನವೇ ಚನಮಲ್ಲಪ್ಪ, ಗಂಗಾಂಬಿಕಾ, ಈಶ್ವರ ಹೋಗಿ ಬಾಗಿಲಿಗೆ ತೋರಣ ಕಟ್ಟಿ, ಹೊಸ ಗ್ಯಾಸು, ಚಹಾದ ಹೊಸ ಕಪ್ಪು-ಬಸಿ, ಶೀತಲ್ ಎಲ್ಲಿಂದಲೋ ಬಾಡಿಗೆಗೆ ತಂದ ಸೋಫಾ ಎಲ್ಲ ಜೋಡಿಸಿದ್ದರು. ಸಿದ್ದಾರೂಢ, ಹಾಲವ್ವ, ಜೊತೆಗೆ ರಾಮಲಿಂಗಪ್ಪ ಜೀಪಿನಲ್ಲಿ ಬಂದಿಳಿದರು. ಹುಡುಗಿ ಬರುವ ಪದ್ಧತಿಯಿಲ್ಲ. ಅವಳು ಊರಲ್ಲೇ ಫೋನು ಹಿಡಿದು ಕೂತಿದ್ದಾಳೆಂಬುದು, ಘಳಿಗೆಗೊಮ್ಮೆ ಜೇಬು ಮುಟ್ಟಿಕೊಳ್ಳುತ್ತಿದ್ದ ಈಶ್ವರನನ್ನು ನೋಡಿದರೆ ತಿಳಿಯುತ್ತಿತ್ತು.

ಸಿದ್ದಾರೂಢ ಹಾಲ್ ಅನ್ನು ಹೆಜ್ಜೆಯಲ್ಲಿ ಅಳೆದು, “ಗೊಬ್ಬರದ ಚೀಲ ಇಟ್ರ ನೂರ ಹಿಡಿತಾವ ನೋಡ್ರಿ” ಎಂದು ಮೆಚ್ಚಿದ. ಅವನ ಮೆಚ್ಚುಗೆಗೆ ಅದಕ್ಕಿಂತ ದೊಡ್ಡ ಮಾತಿರಲಿಲ್ಲ. ಹಾಲವ್ವ ನಲ್ಲಿ ತಿರುವಿದಳು, ನೀರು ಬಂತು. ಬಚ್ಚಲ ನೋಡಿದಳು, ದೇವರ ಗೂಡು ನೋಡಿದಳು, ತಲೆಯಾಡಿಸಿದಳು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಮೈಸೂರು ರೇಷ್ಮೆ ಉಟ್ಟಿದ್ದಳು. ಚನಮಲ್ಲಪ್ಪ ಅದರ ಸೆರಗನ್ನು ಕಣ್ಣಲ್ಲೇ ಉಜ್ಜಿ ನೋಡಿದ. ಅಸಲಿ ಮಾಲು.

“ಛಲೋ ಐತ್ರಿ ಅಣ್ಣಾರ” ಎಂದಳು ಹಾಲವ್ವ. “ಬೆಳಕು ಗಾಳಿ ಐತಿ.”

ಗಂಗಾಂಬಿಕಾ ಅಡಿಗೆಮನೆಗೆ ಓಡಿ ಚಹಾಕ್ಕೆ ಇಟ್ಟಳು. ರಾಮಲಿಂಗಪ್ಪ ಚನಮಲ್ಲಪ್ಪನ ತೊಡೆ ಚಿವುಟಿದ. ಕೆಲಸ ಆದಂತೆಯೇ ಇತ್ತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಆಗಿಯೂ ಬಿಡುತ್ತಿತ್ತೇನೋ. ಹಾಲವ್ವ ಬಾಲ್ಕನಿಗೆ ಹೋಗಿ ಕೆಳಗಿನ ರಸ್ತೆ ನೋಡುತ್ತಿದ್ದಳು, ಮೇಲೆ ನೋಡಿರಲಿಲ್ಲ. ಆದರೆ ಗಿರಾಕಿ ಹೂಂ ಅಂದ ಮೇಲೂ ಇನ್ನೊಂದು ಗಂಟು ಬಿಚ್ಚಿ ತೋರಿಸುವುದು ಬನಹಟ್ಟಿಯ ವ್ಯಾಪಾರಿಯ ರೋಗ. ಚನಮಲ್ಲಪ್ಪ ಎದ್ದು ಹೋಗಿ ಅವಳ ಪಕ್ಕಕ್ಕೆ ನಿಂತ.

“ಅಲ್ಲಿ ನೋಡ್ರಿ ಅಕ್ಕಾರ, ಎದುರಿಗೆ. ಗುರ್ತ ಹತ್ತತೈತೇನ್ರಿ? ಹುಣಸಿ ಹೂವಿನ ದಡಿ. ನಮ್ಮ ಮಾಲ! ಅಲ್ಲೊಂದ ನೋಡ್ರಿ, ಇಲ್ಲೊಂದು. ಈ ಇಡೀ ಓಣಿ ನಮ್ಮ ಗಿರಾಕಿ. ನಿಮ್ಮ ಮಗಳಿಗೆ ಪರಊರ ಅನಸಾಂಗಿಲ್ಲ. ಈ ದಡಿ ನೋಡೇ ನಾ ಈ ಮನಿ ಹಿಡಿದೆ.”

ಹಾಲವ್ವ ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಸೀರೆ ಗಾಳಿಗೆ ತಿರುಚಿಕೊಂಡು ತಂತಿಗೆ ಸುತ್ತಿಕೊಂಡಿತು. ಮತ್ತೆ ಬಿಚ್ಚಿಕೊಂಡಿತು.

ಗಂಗಾಂಬಿಕಾ ಚಹಾದ ತಾಟು ಹಿಡಿದು ಬಂದಳು. ಹಾಲವ್ವ ತಿರುಗಿ, “ಸಕ್ರಿ ಹಾಕೀರೇನ್ರಿ ಅಕ್ಕಾ? ನನಗ ಸಕ್ರಿ ಐತಿ” ಎಂದಳು. ಅಯ್ಯೋ, ಸಕ್ಕರೆ ಕಾಯಿಲೆಯೇ, ಇನ್ನೊಂದು ಮಾಡಿ ತರುತ್ತೇನೆ ಎಂದು ಗಂಗಾಂಬಿಕಾ ಒಳಗೆ ಹೋದಳು. ಸಿದ್ದಾರೂಢ ಬಾಯಿಯ ಹತ್ತಿರ ಒಯ್ದಿದ್ದ ಕಪ್ಪನ್ನು ಹೆಂಡತಿಯ ಮುಖ ನೋಡಿ ಮೆಲ್ಲಗೆ ಕೆಳಗಿಟ್ಟ. ಅವನಿಗೆ ಗೊತ್ತಿತ್ತು, ಹಾಲವ್ವನಿಗೆ ಸಕ್ಕರೆಯೂ ಇಲ್ಲ, ಬಿಪಿಯೂ ಇಲ್ಲ.

ಚನಮಲ್ಲಪ್ಪನಿಗೆ ತಡವಾಗಿ ಹೊಳೆಯಿತು. “ಅಕ್ಕಾರ, ಏನರ ತಪ್ಪಾತೇನ್ರಿ?”

“ತಪ್ಪಿಲ್ರಿ ಅಣ್ಣಾರ.” ಹಾಲವ್ವನ ದನಿ ಏರಲಿಲ್ಲ. “ನಾ ರಬಕವಿಯಾಕಿ. ನಮ್ಮವ್ವ ಸಾಯೂತನಕ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿದ್ಲು. ಕೈ ಮ್ಯಾಗಿನ ಗೆರಿ ಅಳಿಸಿ ಹೋಗಿದ್ವು, ರೇಶನ್ ಅಂಗಡ್ಯಾಗ ಹೆಬ್ಬಟ್ಟ ಹತ್ತತಿದ್ದಿಲ್ಲ. ಸಾಲಿಗೆ ಹೋಗೂ ಮುಂದ ನಾ ಉಟ್ಟ ಲಂಗಾ ಈ ದಡೀದ, ಹರದ ಸೀರ್ಯಾಗ ಹೊಲದದ್ದು. ಗೌಡರ ಹುಡುಗ್ಯಾರು ಅದನ್ನ ನೋಡಿ ನನಗೊಂದು ಹೆಸರು ಇಟ್ಟಿದ್ರು. ಏನಂತ ಅಂತ ಕೇಳಬ್ಯಾಡ್ರಿ.”

ಅವಳು ಎದುರಿನ ಸೀರೆಯ ಕಡೆ ಕೈ ಮಾಡಿದಳು.

“ಪುಣೆ ನೋಡೂ ಹುಚ್ಚಿಗೆ ಪುಣೆ ಕೇಳಿಲ್ರಿ. ಈ ದಡಿ ನನ್ನ ಮಗಳ ಕಣ್ಣಿಗೆ ಬೀಳಬಾರದಂತ ಕೇಳಿದ್ದೆ. ನೀವು ಬನಹಟ್ಟೀನ ಎತ್ತಿ ಮೂರನೇ ಮಾಳಿಗಿ ಮ್ಯಾಲ ಇಟ್ಟೀರಿ.”

“ಅಕ್ಕಾರ, ಸೀರಿ ಉಡೂದು ಮಂದಿ. ನಿಮ್ಮ ಮಗಳೇನ ಇದನ್ನ ಉಡತಾಳೇನ್ರಿ?”

“ಯಾರ್ ಉಡತಾರ್ರಿ ಇದನ್ನ?” ಎಂದಳು ಹಾಲವ್ವ. “ನೀವು ನೇಯಿಸ್ತೀರಿ, ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಮನ್ಯಾಗಿನ ಅಕ್ಕಾರ ಉಟ್ಟಾರೇನು?”

ಸಕ್ಕರೆಯಿಲ್ಲದ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕಾ ತನ್ನ ಮೈಮೇಲಿನ ಧಾರವಾಡದ ಸೀರೆಯ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಗಂಡನ ಮಗ್ಗದ ಸೀರೆಯನ್ನು ಅವಳು ಒಮ್ಮೆಯೂ ಉಟ್ಟಿರಲಿಲ್ಲ. ಅವನು ತಂದುಕೊಟ್ಟೂ ಇರಲಿಲ್ಲ.

ಜೀಪು ಹತ್ತುವಾಗ ಸಿದ್ದಾರೂಢ ನೆಲ ನೋಡುತ್ತ, “ಊರಿಗೆ ಹೋಗಿ ಫೋನ್ ಮಾಡತೇವ್ರಿ” ಎಂದ. ಈಶ್ವರ ಅದನ್ನು ಕೇಳಿಸಿಕೊಂಡು, ಜೇಬಿನಿಂದ ಕೈ ತೆಗೆದ.

ಹೋಗುವ ಮುನ್ನ ಹಾಲವ್ವನ ಹಿಂದೆ ಪಾವಟಿಗೆ ಇಳಿಯುತ್ತ ಚನಮಲ್ಲಪ್ಪ ಕೊನೆಯ ವ್ಯಾಪಾರವನ್ನೂ ಮಾಡಿ ನೋಡಿದ್ದ. ಈ ಮನೆ ಮಾರಿ ಬೇರೆ ಕಡೆ ಹಿಡಿಯುತ್ತೇನೆ, ಸ್ವಲ್ಪ ತಡೆಯಿರಿ ಎಂದ. ಅದಕ್ಕೆ ಅವಳು, “ನೀವು ಎಲ್ಲೇ ಹಿಡೀರಿ ಅಣ್ಣಾರ, ಇದನ್ನ ನೋಡೇ ಹಿಡೀತೀರಿ. ನಿಮ್ಮ ಕಣ್ಣ ಹಂಗ ಕಲತಾವ” ಎಂದಳು. ಬೈಗುಳದ ದನಿಯಿರಲಿಲ್ಲ ಅದರಲ್ಲಿ. ಮಾಲು ಪರೀಕ್ಷೆ ಮಾಡಿ ನಂಬರು ಹೇಳಿದ ಹಾಗಿತ್ತು.

ಪ್ರೀತಿ ಅತ್ತಳೆಂದೂ, ಊಟ ಬಿಟ್ಟಳೆಂದೂ, ಬನಹಟ್ಟಿಯ ಶಾಖೆಯಿಂದ ಮುಧೋಳದ ಶಾಖೆಗೆ ವರ್ಗ ಮಾಡಿಸಿಕೊಂಡಳೆಂದೂ ಸುದ್ದಿ ಬಂತು. ಮೊದಲನೆಯ ಎರಡು ಖರೆಯೋ ಸುಳ್ಳೋ, ಮೂರನೆಯದು ಖರೆ. ಆರು ತಿಂಗಳಾಗುವುದರೊಳಗೆ ಅವಳನ್ನು ಬಾಡಗಂಡಿಗೆ ಕೊಟ್ಟರು, ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ನೌಕರಿಯ ಹುಡುಗನಿಗೆ. ಕ್ವಾರ್ಟರ್ಸು, ಹಿತ್ತಲಲ್ಲಿ ಕಬ್ಬಿನ ಗದ್ದೆ. ಪೇಟೆಯಲ್ಲಿ ಒಂದು ವಾರ ಇದೇ ನಗು. ಪುಣೆ ಬೇಕೆಂದವರು ಬಾಡಗಂಡಿಗೆ ಬಂದರು, ಸಕ್ಕರೆ ಕಾಯಿಲೆಯೆಂದವರು ಕಾರ್ಖಾನೆಗೇ ಮಗಳನ್ನು ಕೊಟ್ಟರು ಎಂದು. ಚನಮಲ್ಲಪ್ಪನೂ ನಕ್ಕ. ಪೇಟೆಯಲ್ಲಿ ಕೂತವನು ತನ್ನ ಮೇಲಿನ ನಗೆಗೂ ಪಾಲುದಾರನಾಗಬೇಕು, ಇಲ್ಲದಿದ್ದರೆ ಅದರ ಬಡ್ಡಿ ಏರುತ್ತದೆ.

ಮನೆಯಲ್ಲಿ ಮಾತ್ರ ನಗು ನಡೆಯಲಿಲ್ಲ. ರಾಮಲಿಂಗಪ್ಪ ಇನ್ನೊಂದು ಸಂಬಂಧ ತಂದಾಗ ಈಶ್ವರ, ನೂಲಿನ ಗಂಟು ಬಿಚ್ಚುತ್ತಿದ್ದವನು, ತಲೆಯೆತ್ತದೆ ಹೇಳಿದ:

“ಬ್ಯಾಡ್ರಿ ಕಾಕಾ. ನಮ್ಮಪ್ಪ ಮತ್ತ ಅವರಿಗೆ ದಡಿ ತೋರಸ್ತಾನ.”

ಉಳಿದ ನಾಲ್ಕು ಮಗ್ಗದಲ್ಲಿ ಸಾದಾ ಅಂಚಿನ ಮಾಲು ನಡೆದಿತ್ತು. ಸದ್ದು ಕಡಿಮೆಯಾಗಿತ್ತು. ಈಗ ಯಾರಾದರೂ ಗುನುಗಿದರೆ ಕೇಳಿಸುವಷ್ಟು. ಯಾರೂ ಗುನುಗುತ್ತಿರಲಿಲ್ಲ.

ಪುಣೆಯ ಮನೆ ಬೀಗ ಹಾಕಿಕೊಂಡು ಬಿದ್ದಿತ್ತು. ಮಾರೋಣವೆಂದರೆ, ಹೊಸ ಕಟ್ಟಡಗಳು ಎದ್ದಿವೆ, ಈಗ ಹಳೆಯದಕ್ಕೆ ಗಿರಾಕಿ ಇಲ್ಲ ಕಾಕಾ ಎಂದ ಶೀತಲ್. ಹಾಗೆನ್ನುವಾಗಲೇ ಇನ್ನೊಬ್ಬ ಗಿರಾಕಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡಿದ್ದ. ಬಾಲ್ಕನಿಯ ಬಟ್ಟೆ ನೋಡಿ ಓಣಿ ಆರಿಸುವ ಉಪಾಯವನ್ನು ಈಗ ತನ್ನದೇ ಎಂಬಂತೆ ಎಲ್ಲರಿಗೂ ಹೇಳುತ್ತಾನಂತೆ.

ಮಳೆಗಾಲಕ್ಕೆ ಮುಂಚೆ ಜಕ್ಕಪ್ಪ ಬಂದು ಕಟ್ಟೆಯ ಮೇಲೆ ಕೂತ.

“ಸಾವ್ಕಾರ್ರ, ಪುಣೇದಾಗ ನಿಮ್ಮ ಮನಿ ಖಾಲಿ ಐತೆಲ್ರಿ. ನಮ್ಮ ಭಾವಮೈದ ಅಲ್ಲೇ ವಾಚ್‌ಮನ್ ಕೆಲಸ ಹಚ್ಚತೇನಿ ಅಂದಾನ. ನಾವೂ ಅವರೂ ಕೂಡಿ ಬಾಡಿಗಿ ಕೊಡತೇವಿ.”

“ಬನಹಟ್ಟಿ ಬಿಡತಿ ಏನಲೇ?”

“ಬನಹಟ್ಟಿ ನನ್ನ ಬಿಟ್ಟು ವರ್ಷಾತ್ರಿ. ಮಗ್ಗ ಎಲ್ಯದಾವ?”

ಹೊಸ ಕಪ್ಪು ಬಸಿ ಸಮೇತ ಮನೆ ಜಕ್ಕಪ್ಪನ ಪಾಲಿಗೆ ಬಂತು.

ದೀಪಾವಳಿಯ ವಸೂಲಿಗೆಂದು ಪುಣೆಗೆ ಹೋದ ಚನಮಲ್ಲಪ್ಪ, ಅಷ್ಟು ದೂರ ಬಂದು ನೋಡದೆ ಹೋದರೆ ಹೇಗೆಂದು ಬಸ್ಸು ಬದಲಿಸಿ ಆ ಕಡೆಗೆ ಹೋದ. ಮುರುಮಿನ ರಸ್ತೆಗೆ ಡಾಂಬರು ಬಂದಿತ್ತು. ಕೆಳಗೆ ನಿಂತು ಅಭ್ಯಾಸದಂತೆ ಕತ್ತು ಎತ್ತಿದ. ಮೂರನೇ ಮಹಡಿಯ ತನ್ನದೇ ಬಾಲ್ಕನಿಯಿಂದ ಹುಣಸೆ ಹೂವಿನ ದಡಿ ಜೋತುಬಿದ್ದಿತ್ತು.

“ಬರ್ರಿ ಬರ್ರಿ ಸಾವ್ಕಾರ್ರ. ಮನಿ ನೋಡಾಕ ಬಂದ್ರೇನ್ರಿ?” ಎಂದು ಜಕ್ಕಪ್ಪ ಬಾಗಿಲು ತೆರೆದ. ಕೇಳಿದ ಮೇಲೆ ಆ ಮಾತಿನ ಇನ್ನೊಂದು ಅರ್ಥ ಹೊಳೆದು ನಾಲಿಗೆ ಕಚ್ಚಿಕೊಂಡ.

ಅವನ ಹೆಂಡತಿ ಲಗಮವ್ವ ಕೆಲಸದ ಮನೆಗಳಿಂದ ಆಗಷ್ಟೇ ಬಂದು ಕೂತಿದ್ದಳು. ಚನಮಲ್ಲಪ್ಪ ಬಾಲ್ಕನಿಗೆ ಹೋದ. ಒದ್ದೆ ಸೆರಗನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದ. ಹೂವು ಅದೇ, ಜೋಡಿ ಹಳದಿ ಗೆರೆ ಅದೇ. ನೂಲು ಬೇರೆ. ತೆಳು, ಗಂಜಿಯ ಮೇಲೆ ನಿಂತ ಬಟ್ಟೆ, ನಾಲ್ಕು ಒಗೆತಕ್ಕೆ ಜಾಳುಜಾಳು. ಜಕಾರ್ಡಿನ ಜೊತೆ ಹೋದ ದಡಿ ಇಚಲಕರಂಜಿಯಿಂದ ತಿರುಗಿ ಇಲ್ಲಿಗೆ ಬಂದು ಜೋತುಬಿದ್ದಿತ್ತು. ಬೆರಳಿಗೆ ಹಳದಿ ಅಂಟಿತು.

“ಇಲ್ಲಿ ಸಂತ್ಯಾಗ ತೊಗೊಂಡೆ ನೋಡ್ರಿ ಸಾವ್ಕಾರ್ರ” ಎಂದಳು ಲಗಮವ್ವ ಹಿಂದಿನಿಂದ, ಖುಷಿಯಲ್ಲಿ. “ದಡಿ ನೋಡಿದ ಕೂಡ್ಲೆ ಗುರ್ತ ಹತ್ತಿತು. ಬ್ಯಾರೇದ್ದು ಮುಟ್ಟಲೇ ಇಲ್ಲ. ನಮ್ದ ಅಲ್ರಿ ಇದು?”

ಜಕ್ಕಪ್ಪ ಏನೋ ಹೇಳಲು ಬಾಯಿ ತೆರೆದ. ಇಪ್ಪತ್ತು ವರ್ಷ ಆ ದಡಿ ನೇಯ್ದವನು, ಅವನಿಗೆ ಗೊತ್ತಾಗದಿರುತ್ತದೆಯೇ? ಸಾಹುಕಾರನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಚನಮಲ್ಲಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

“ಹೌದವ್ವ” ಎಂದ. “ನಮ್ದ.”

ಲಗಮವ್ವ ಚಹಾ ತಂದಳು. ಸಕ್ಕರೆ ಜಾಸ್ತಿಯೇ ಹಾಕಿದ್ದಳು. ಅವನು ಕೊನೆಯ ಹನಿಯವರೆಗೆ ಕುಡಿದು, ಬಸಿಯನ್ನು ಬೋರಲು ಹಾಕಿ, ಬಸ್ಸು ಹಿಡಿಯಲು ಎದ್ದ. ಕೆಳಗಿಳಿದ ಮೇಲೆ ಕತ್ತು ಎತ್ತಲಿಲ್ಲ.